ಒಂದು ಫೋನ್ ನಂಬರು, ಇಪ್ಪತ್ತನಾಲ್ಕು ಪುಟ

ನಿಮ್ಮ ಶಾಲೆಗೊಂದು ವೆಬ್‌ಸೈಟ್ ಉಂಟು ಅಂತ ಇಟ್ಟುಕೊಳ್ಳಿ. ಲಿಟಲ್ ಕೈಟ್ಸ್ ಮಕ್ಕಳೋ ಹಳೆ ವಿದ್ಯಾರ್ಥಿಯೊಬ್ಬನೋ ಮಾಡಿಕೊಟ್ಟದ್ದು. ಒಟ್ಟು 24 ಪುಟ. ಪ್ರತಿ ಪುಟದ ತಲೆಯಲ್ಲಿ ಶಾಲೆಯ ಹೆಸರು, ಅದರಡಿ ಮೆನು, ಬುಡದಲ್ಲಿ ವಿಳಾಸ ಮತ್ತು ಆಫೀಸಿನ ಫೋನ್ ನಂಬರು. ಈಗ ಆ ನಂಬರು ಬದಲಾಯಿತು. ಮೊದಲ ಪುಟವನ್ನು ತಿದ್ದುತ್ತೀರಿ, ‘ಸಂಪರ್ಕಿಸಿ’ ಪುಟವನ್ನೂ ತಿದ್ದುತ್ತೀರಿ. ಉಳಿದ 22?

ಗೂಗಲ್‌ನಲ್ಲಿ ಹುಡುಕುವ ಪೋಷಕರು ಮೊದಲ ಪುಟಕ್ಕೇ ಬರಬೇಕೆಂದಿಲ್ಲ. ‘ಎಂಟನೆಯ ತರಗತಿ ಪ್ರವೇಶ’ ಪುಟಕ್ಕೆ ನೇರ ಬರುತ್ತಾರೆ, ಅಲ್ಲಿರುವ ಹಳೆ ನಂಬರಿಗೆ ಫೋನ್ ಮಾಡುತ್ತಾರೆ, ಯಾರೂ ಎತ್ತುವುದಿಲ್ಲ. ನಮ್ಮ ಕೇರಳದಲ್ಲಿ ಆರನೆಯ ಕೆಲಸದ ದಿನದ ತಲೆಲೆಕ್ಕ ಎಂದರೆ ಏನೆಂದು ಕನ್ನಡ ಮಾಧ್ಯಮದ ಶಿಕ್ಷಕರಿಗೆ ಹೇಳಬೇಕಾಗಿಲ್ಲ. ಆ ಲೆಕ್ಕದಲ್ಲಿ ಒಂದು ಮಗು ಕಡಿಮೆಯಾದರೂ ಕೆಲವೊಮ್ಮೆ ಒಂದು ಡಿವಿಷನ್ನೇ ಹೋದೀತು.

ಒಂದೇ ಸಂಗತಿಯ ನಕಲುಗಳು ಕಾಲ ಕಳೆದಂತೆ ಬೇರೆಬೇರೆಯಾಗುವುದು ಕಂಪ್ಯೂಟರಿಗೆ ಮಾತ್ರ ಅಂಟಿದ ರೋಗವಲ್ಲ. ಕಿಲೋಗ್ರಾಮಿನ ಕಥೆ ನಿಮಗೆ ಗೊತ್ತೇ ಇದೆ. ಪ್ಯಾರಿಸ್ ಹತ್ತಿರದ ಸೆವ್ರ್‌ನಲ್ಲಿ ಪ್ಲಾಟಿನಂ-ಇರಿಡಿಯಂ ಮಿಶ್ರಲೋಹದ ಮೂಲ ತೂಕವನ್ನಿಟ್ಟು, 1889ರಿಂದ ಅದರ ನಕಲುಗಳನ್ನು ದೇಶದೇಶಗಳಿಗೆ ಹಂಚಿದರು. ಎಷ್ಟೇ ಜೋಪಾನ ಮಾಡಿದರೂ ಸುಮಾರು ನೂರು ವರ್ಷದ ನಂತರ ಹೋಲಿಸಿ ನೋಡಿದಾಗ ಮೂಲಕ್ಕೂ ಹಲವು ನಕಲುಗಳಿಗೂ ಸುಮಾರು 50 ಮೈಕ್ರೋಗ್ರಾಮಿನ ವ್ಯತ್ಯಾಸ ಬಂದಿತ್ತು. ಬದಲಾದದ್ದು ಮೂಲವೋ ನಕಲೋ ಎಂದು ಹೇಳಲು ದಾರಿಯೇ ಇರಲಿಲ್ಲ. 24 ಪುಟದ ವೆಬ್‌ಸೈಟಿನಲ್ಲಿ ಎರಡು ನಂಬರು ಕಂಡ ಪೋಷಕರ ಪಾಡೂ ಅದೇ.

ಎಲ್ಲರಿಗೂ ಮೊದಲು ಹೊಳೆಯುವುದು ‘ಹುಡುಕಿ ಬದಲಿಸು’. ನಮ್ಮ ಶಾಲೆಯ ಲ್ಯಾಪ್‌ಟಾಪಿನಲ್ಲಿರುವ ಜೀನಿಯಲ್ಲಿ 24 ಕಡತಗಳನ್ನೂ ತೆರೆದಿಟ್ಟು, ಬದಲಿಸುವ ಕಿಟಕಿಯಲ್ಲಿ ‘ಇನ್ ಸೆಷನ್’ ಒತ್ತಿದರೆ ಎಲ್ಲದರಲ್ಲೂ ಒಮ್ಮೆಗೇ ಬದಲಾಗುತ್ತದೆ. ಫೋನ್ ನಂಬರಿಗೆ ಇದು ಸಾಕು ಅನ್ನಿಸುತ್ತದೆ. ಆದರೆ ಒಂದು ಪುಟದಲ್ಲಿ ನಂಬರಿನ ನಡುವೆ ಖಾಲಿ ಜಾಗ, ಇನ್ನೊಂದರಲ್ಲಿ ಅಡ್ಡಗೆರೆ, ಮತ್ತೊಂದರಲ್ಲಿ ಕನ್ನಡ ಅಂಕಿ ಇದ್ದರೆ ಎಂತ ಮಾಡುವುದು? ಕಂಪ್ಯೂಟರಿಗೆ 4 ಬೇರೆ, ೪ ಬೇರೆ.

ಕನ್ನಡ ಪದಗಳಲ್ಲಿ ತೊಂದರೆ ಇನ್ನೂ ಹೆಚ್ಚು. ‘ಫೋನ್’ ಎಂದು ಬೆರಳಚ್ಚು ಮಾಡುವಾಗ ಕೊನೆಯ ಅರ್ಧಾಕ್ಷರದ ನಂತರ ಕೆಲವರ ಕೀಲಿಮಣೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಸೇರಿಸಿಬಿಡುತ್ತದೆ. ಮುಂದಿನ ಅಕ್ಷರ ಒತ್ತಾಗಿ ಅಂಟದಿರಲಿ ಅಂತ ಯೂನಿಕೋಡ್‌ನಲ್ಲಿ ಮಾಡಿದ ಏರ್ಪಾಡು ಅದು. ಪರದೆಯಲ್ಲಿ ಎರಡು ‘ಫೋನ್’ಗಳೂ ಒಂದೇ ಥರ ಕಾಣುತ್ತವೆ, ಹುಡುಕಿದರೆ ಒಂದು ಮಾತ್ರ ಸಿಗುತ್ತದೆ. ‘ಕೊ’ ಅಕ್ಷರದ ಒತ್ವವನ್ನೂ ಒಂದೇ ಸಂಕೇತವಾಗಿ ಬರೆಯಬಹುದು, ಎರಡು ಸಂಕೇತ ಸೇರಿಸಿಯೂ ಬರೆಯಬಹುದು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಪುಟಗಳಿದ್ದರೆ ಕೇಳುವುದೇ ಬೇಡ. ಅಲ್ಲಿ ಒಳಗಿರುವುದು ಕನ್ನಡವೇ ಅಲ್ಲ, ಕನ್ನಡದ ಹಾಗೆ ಕಾಣುವ ರೋಮನ್ ಸಂಕೇತಗಳು.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಉಂಟು. ಮುಖ್ಯೋಪಾಧ್ಯಾಯರು ಬದಲಾದರೆಂದು ಹಳೆ ಹೆಸರಿನ ಜಾಗದಲ್ಲಿ ಹೊಸ ಹೆಸರು ಹಾಕಿ ಎಲ್ಲ ಕಡೆ ಬದಲಿಸಿದರೆ, 2018ರ ವಾರ್ಷಿಕೋತ್ಸವದ ವರದಿಯಲ್ಲೂ ಹೊಸಬರೇ ಬಂದು ಸ್ವಾಗತ ಭಾಷಣ ಮಾಡಿರುತ್ತಾರೆ! ಬುಡದಲ್ಲಿರುವ ಹೆಸರು ಇಂದಿನ ಮಾಹಿತಿ, ವರದಿಯಲ್ಲಿರುವುದು ದಾಖಲೆ. ಹೆಸರು ಒಂದೇ ಆದರೂ ಎರಡರ ಕೆಲಸ ಬೇರೆ. ಯಂತ್ರಕ್ಕೆ ಅದು ತಿಳಿಯದು, ನಾವೇ ಬೇರ್ಪಡಿಸಿ ಇಡಬೇಕು.

ಹಾಗಾದರೆ ಸರಿಯಾದ ದಾರಿ ಯಾವುದು? ಬುಡದ ಭಾಗವನ್ನು ‘ಬುಡ’ ಎಂಬ ಪ್ರತ್ಯೇಕ ಕಡತದಲ್ಲಿ ಒಮ್ಮೆ ಮಾತ್ರ ಬರೆಯಿರಿ. 24 ಪುಟಗಳಲ್ಲಿ ‘ಇಲ್ಲಿ ಬುಡವನ್ನು ಸೇರಿಸು’ ಎಂಬ ಒಂದು ಸಾಲು ಮಾತ್ರ ಇರಲಿ. ಮಕ್ಕಳಿಗೆ ಇದು ಪೂರ್ತಿ ಹೊಸದಲ್ಲ. ಬಣ್ಣ, ಅಕ್ಷರದ ಗಾತ್ರಗಳನ್ನು ಸಿಎಸ್‌ಎಸ್ ಕಡತವೊಂದರಲ್ಲಿ ಬರೆದು ಎಲ್ಲ ಪುಟಗಳಿಂದ ಅದಕ್ಕೆ ಕೊಂಡಿ ಹಾಕುವುದೂ ಇದೇ ಉಪಾಯ. ಸಿಎಸ್‌ಎಸ್ ನೋಟಕ್ಕೆ, ಇದು ವಿಷಯಕ್ಕೆ, ಅಷ್ಟೆ. ವಿಕಿಪೀಡಿಯದಲ್ಲಿ ‘ಟೆಂಪ್ಲೇಟು’ ಅನ್ನುವುದೂ ಇದನ್ನೇ: ಟೆಂಪ್ಲೇಟನ್ನು ಒಂದು ಕಡೆ ತಿದ್ದಿದರೆ ಅದನ್ನು ಕರೆದ ಪುಟಗಳೆಲ್ಲ ತಿದ್ದಿಕೊಳ್ಳುತ್ತವೆ.

ಈ ತುಂಡನ್ನು ಪುಟಕ್ಕೆ ಯಾವಾಗ ಅಂಟಿಸುವುದು ಎಂಬಲ್ಲಿ ದಾರಿಗಳು ಕವಲೊಡೆಯುತ್ತವೆ. ಪುಟ ಕೇಳಿದಾಗ ಸರ್ವರೇ ಅಂಟಿಸಿ ಕಳಿಸಬಹುದು. ಪಿಎಚ್‌ಪಿಯ ‘ಇನ್‌ಕ್ಲೂಡ್’ ಆಜ್ಞೆ ಮಾಡುವುದು ಇದನ್ನೇ. ಅಥವಾ ಬರಿಯ ಪುಟ ಪೋಷಕರ ಮೊಬೈಲಿಗೆ ಬಂದ ಮೇಲೆ ಜಾವಾಸ್ಕ್ರಿಪ್ಟ್ ಹೋಗಿ ಬುಡವನ್ನು ತರಬಹುದು. ನನಗೆ ಇದು ಅಷ್ಟು ಇಷ್ಟವಿಲ್ಲ. ಸಿಗ್ನಲ್ ಕುಂಟುವ ಊರುಗಳಲ್ಲಿ ಪುಟ ಬಂದು ಮೆನು ಬಾರದೆ ನಿಂತಿರುತ್ತದೆ. ಜೊತೆಗೆ, ಲ್ಯಾಬಿನಲ್ಲಿ ಮಕ್ಕಳು ಕಡತವನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಬ್ರೌಸರ್ ಸುರಕ್ಷತೆಯ ಕಾರಣಕ್ಕೆ ಆ ತುಂಡನ್ನು ತರಲು ಬಿಡುವುದಿಲ್ಲ. ಮೂರನೆಯದು, ಅಪ್‌ಲೋಡ್ ಮಾಡುವ ಮೊದಲೇ ನಮ್ಮ ಕಂಪ್ಯೂಟರಿನಲ್ಲಿ ಅಂಟಿಸಿ 24 ಪುಟಗಳನ್ನು ಸಿದ್ಧ ಮಾಡುವುದು. ಜೆಕಿಲ್, ಹ್ಯೂಗೋ ಎಂಬ ಉಚಿತ ತಂತ್ರಾಂಶಗಳ ಕೆಲಸ ಇದು. ಕಲಿಯಲು ಒಂದೆರಡು ಶನಿವಾರ ಬೇಕು, ಆದರೆ ಯಾವ ಸರ್ವರಿನಲ್ಲೂ ನಡೆಯುತ್ತದೆ.

ಗೂಗಲ್ ಸೈಟ್ಸ್‌ನಲ್ಲಿ ಮಾಡಿದವರಿಗೆ ಇಷ್ಟು ಗೋಜಿಲ್ಲ. ಅಲ್ಲಿ ಮೆನುವೂ ಫೂಟರೂ ತಾವಾಗಿಯೇ ಎಲ್ಲ ಪುಟಕ್ಕೂ ಒಂದೇ. ವರ್ಡ್‌ಪ್ರೆಸ್‌ನಲ್ಲಿ ತಲೆ, ಬುಡ ಥೀಮಿನಲ್ಲಿರುತ್ತವೆ. ಪುಟದ ನಡುವೆ ನೀವಾಗಿ ಬರೆದ ನಂಬರುಗಳನ್ನು ಮಾತ್ರ ಹುಡುಕಬೇಕು.

ನೀವು ಕೈಯಾರೆ ಮಾಡಿದ ಪುಟಗಳೇ ಇದ್ದು ಸರ್ವರಿನಲ್ಲಿ ಪಿಎಚ್‌ಪಿ ಇದ್ದರೆ ಅದರಿಂದಲೇ ಶುರು ಮಾಡಿ ಅಂತ ನನ್ನ ಮತ. ಎರಡು ಎಚ್ಚರಿಕೆ ಮಾತ್ರ. ಪುಟದ ಹೆಸರಿನ ಕೊನೆ ಎಚ್‌ಟಿಎಂಎಲ್‌ನಿಂದ ಪಿಎಚ್‌ಪಿಗೆ ಬದಲಾದರೆ ವಾಟ್ಸಾಪ್ ಗುಂಪುಗಳಲ್ಲಿ ಹಂಚಿದ ಹಳೆ ಕೊಂಡಿಗಳು ತೆರೆಯುವುದಿಲ್ಲ. ಹಳೆಯದರಿಂದ ಹೊಸದಕ್ಕೆ ದಾರಿ ತೋರಿಸುವ ಏರ್ಪಾಡು ಮಾಡಿಡಿ. ಇನ್ನೊಂದು ಮೆನುವಿನ ಕೊಂಡಿಗಳದ್ದು. ಮೊದಲ ಪುಟದಲ್ಲಿ ಸರಿಯಿದ್ದ ಮೆನು ‘ಚಿತ್ರಗಳು’ ಫೋಲ್ಡರಿನೊಳಗಿನ ಪುಟಕ್ಕೆ ಬಂದರೆ ದಾರಿ ತಪ್ಪುತ್ತದೆ, ಯಾಕೆಂದರೆ ಬ್ರೌಸರ್ ಪುಟವನ್ನು ಆ ಫೋಲ್ಡರಿನೊಳಗೇ ಹುಡುಕುತ್ತದೆ. ಪ್ರತಿ ಕೊಂಡಿಯ ಮೊದಲಿಗೆ ಒಂದು ಓರೆಗೆರೆ ಹಾಕಿದರೆ ಸೈಟಿನ ಬುಡದಿಂದ ಹುಡುಕುತ್ತದೆ.

ಎಲ್ಲ ಮುಗಿದ ಮೇಲೆ ಮೊಬೈಲಿನಲ್ಲಿ ನಾಲ್ಕೈದು ಪುಟ ತೆರೆದು ನೋಡಿ. ಹಳೆಯದೇ ಕಂಡರೆ ಗಾಬರಿ ಬೇಡ, ಬ್ರೌಸರ್ ತನ್ನಲ್ಲಿ ಉಳಿಸಿಕೊಂಡ ಪ್ರತಿ ಇದ್ದೀತು. ಕಂಪ್ಯೂಟರಿನಲ್ಲಾದರೆ ಕಂಟ್ರೋಲ್ ಜೊತೆ ಎಫ್5 ಒತ್ತಿ. ಮತ್ತೆ, ನಂಬರನ್ನು ಕಣ್ಣಿಂದ ನೋಡಿದರೆ ಸಾಲದು, ಬೆರಳಿಂದ ಒತ್ತಿ. ಪುಟದಲ್ಲಿ ಕಾಣುವ ನಂಬರು ಒಂದು ಕಡೆ, ಒತ್ತಿದಾಗ ಕರೆ ಹೋಗುವ ನಂಬರು ಕೊಂಡಿಯೊಳಗೆ ಇನ್ನೊಂದು ಕಡೆ ಬರೆದಿರುತ್ತದೆ. ಆಫೀಸಿನ ಫೋನ್ ರಿಂಗಾಯಿತೋ ಅಂತ ಒಬ್ಬರನ್ನು ಅಲ್ಲಿ ಕೂರಿಸಿ ಕೇಳಿ.