ಗಾಡಿಗೆ ಯಾವ ಪೆಟ್ರೋಲ್ ಹಾಕಿಸಬೇಕು?



ಕಮಲಾಪುರ ಅಂದರೆ ಕೆಂಪು ಬಾಳೆಹಣ್ಣು ನೆನಪಾಗುತ್ತದೆ. ಕಮಲಾಪುರದಿಂದ ಕಲಬುರಗಿಗೆ ದಿನಾಲೂ ಎಷ್ಟೋ ಗಾಡಿಗಳು ಓಡಾಡುತ್ತವೆ. ಹಣ್ಣು ಪೇಟೆಗೆ ಹೋಗುತ್ತದೆ. ಬಸುರಿಯರು, ಬಾಣಂತಿಯರು ದವಾಖಾನೆಗೆ ಹೋಗುತ್ತಾರೆ. ಇದಕ್ಕೆಲ್ಲ ಪೆಟ್ರೋಲ್ ಬೇಕು. ಪೆಟ್ರೋಲಿಗೆ ರೊಕ್ಕ ಬೇಕು. ಆ ರೊಕ್ಕ ನಮ್ಮ ಮನೆಯದು.

ನಮ್ಮ ಕಲಿಕಾ ಕೇಂದ್ರಕ್ಕೆ ಕಮಲಾಪುರದ ಒಬ್ಬ ಕಾಕಿ ಬರುತ್ತಾರೆ. ಸಂಘದಲ್ಲಿ ಸಾಲ ತೆಗೆದು ಮಗನಿಗೆ ಒಂದು ಹಳೆಯ ಕಾರು ಕೊಡಿಸಿದ್ದಾರೆ. ಮಗ ಅದನ್ನು ಬಾಡಿಗೆಗೆ ಓಡಿಸುತ್ತಾನೆ. ಒಂದು ಸಂಜೆ ಕಾಕಿ ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದರು.

"ಅಕ್ಕೋರ, ಈ ತಿಂಗಳ ಸಂಘದ ಕಂತು ಕಟ್ಟಾಕ ಆಗಲಿಲ್ರಿ."

"ಯಾಕ ಕಾಕಿ? ಬಾಡಿಗಿ ಬರಲಿಲ್ಲೇನು?"

"ಬಾಡಿಗಿ ಬಂದಾವ್ರಿ. ಆದ್ರ ರೊಕ್ಕ ಎಲ್ಲಾ ಪೆಟ್ರೋಲಿಗೇ ಹೋಗ್ತದ. ಏರು ಹತ್ತುವಾಗ ಗಾಡಿ ಟಕ್ ಟಕ್ ಅಂತದ. ಜಾಸ್ತಿ ರೊಕ್ಕದ್ದು ಹಾಕಸ್ರಿ, ಗಾಡಿಗಿ ತಾಕತ್ತು ಬರ್ತದ ಅಂತ ಪಂಪಿನ ಹುಡುಗ ಹೇಳಿದನಂತ. ಎರಡು ತಿಂಗಳಾತು, ಮಗ ಅದನ್ನೇ ಹಾಕಸ್ತಾನ. ಟಕ್ ಟಕ್ ಅನ್ನೋದು ಮಾತ್ರ ಬಿಟ್ಟಿಲ್ಲ."

ನಾವು ಹಲಗೆಯ ಮೇಲೆ ಲೆಕ್ಕ ಮಾಡಿದೆವು. ಒಂದು ಲೀಟರಿಗೆ 8 ರೂಪಾಯಿ ಹೆಚ್ಚು ಎಂದು ಇಟ್ಟುಕೊಳ್ಳಿ. ದಿನಕ್ಕೆ 5 ಲೀಟರ್ ಆದರೆ 40 ರೂಪಾಯಿ. ತಿಂಗಳಿಗೆ 25 ದಿನ ಓಡಿದರೆ 1000 ರೂಪಾಯಿ. ಕಾಕಿ ಬಾಯಿ ಮೇಲೆ ಕೈ ಇಟ್ಟುಕೊಂಡರು. ಅವರ ಸಂಘದ ಕಂತು ಹೆಚ್ಚು ಕಡಿಮೆ ಅಷ್ಟೇ ಇತ್ತು.

ಹಾಗಾದರೆ ಹೆಚ್ಚು ಬೆಲೆಯ ಪೆಟ್ರೋಲಿನಲ್ಲಿ ಏನಿದೆ? ಅದು ಎಲ್ಲ ಗಾಡಿಗೂ ಬೇಕೇ? ತಿಳಿಯೋಣ ಬನ್ನಿ.

ಇಂಜಿನ್ನಿನ ಒಳಗೆ ಏನು ನಡೆಯುತ್ತದೆ?

ಇಂಜಿನ್ನಿನ ಒಳಗೆ ದಪ್ಪನೆಯ ಕೊಳವೆಗಳಿವೆ. ಕೊಳವೆಯ ಒಳಗೆ ಪಿಸ್ಟನ್ ಎಂಬ ಬಿರಡೆ ಮೇಲೆ ಕೆಳಗೆ ಆಡುತ್ತದೆ. ಗಾಳಿ ಮತ್ತು ಪೆಟ್ರೋಲ್ ಬೆರೆತು ಕೊಳವೆಯೊಳಗೆ ಬರುತ್ತವೆ. ಪಿಸ್ಟನ್ ಮೇಲೆ ಬಂದು ಅದನ್ನು ಒತ್ತುತ್ತದೆ. ಹತ್ತು ಲೋಟದಷ್ಟು ಇದ್ದದ್ದು ಸುಮಾರು ಒಂದು ಲೋಟದಷ್ಟು ಜಾಗಕ್ಕೆ ಬರುತ್ತದೆ. ಆಗ ಪ್ಲಗ್ಗಿನಿಂದ ಕಿಡಿ ಹಾರುತ್ತದೆ. ಪೆಟ್ರೋಲ್ ಉರಿಯುತ್ತದೆ. ಉರಿದ ಬಿಸಿ ಗಾಳಿ ಪಿಸ್ಟನ್ನನ್ನು ಕೆಳಗೆ ದಬ್ಬುತ್ತದೆ. ಆ ದಬ್ಬುವ ಬಲದಿಂದ ಚಕ್ರ ತಿರುಗುತ್ತದೆ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ, ಒಂದೊಂದು ಕೊಳವೆಯಲ್ಲಿ ಸೆಕೆಂಡಿಗೆ 25 ಸಲ ಹೀಗೆ ಉರಿಯುತ್ತದೆ.

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಮುಟ್ಟಿ ನೋಡಿದ್ದೀರಾ? ಬಿಸಿಯಾಗಿರುತ್ತದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಇಂಜಿನ್ನಿನಲ್ಲೂ ಹೀಗೆಯೇ. ಕಿಡಿಯಿಂದ ಹೊತ್ತಿದ ಉರಿ ಒಂದು ಕಡೆಯಿಂದ ಹಬ್ಬುತ್ತಾ ಬರಬೇಕು. ಆದರೆ ಕಾವು ಅತಿಯಾದರೆ, ಉರಿ ಮುಟ್ಟುವ ಮೊದಲೇ ಮೂಲೆಯಲ್ಲಿದ್ದ ಪೆಟ್ರೋಲ್ ತಾನೇ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಆಗ ಸುತ್ತಿಗೆಯಿಂದ ಹೊಡೆದಂತೆ ಟಕ್ ಟಕ್ ಸದ್ದು ಬರುತ್ತದೆ. ಇದಕ್ಕೆ 'ನಾಕಿಂಗ್' ಎನ್ನುತ್ತಾರೆ. ಏರು ಹತ್ತುವಾಗ, ಭಾರ ಹೆಚ್ಚಾದಾಗ ಇದು ಜಾಸ್ತಿ. ಬಹಳ ದಿನ ಹೀಗೇ ಬಿಟ್ಟರೆ ಪಿಸ್ಟನ್ ಹಾಳಾಗುತ್ತದೆ.

ಆಕ್ಟೇನ್ ಅಂದರೆ ತಾಳ್ಮೆ

ಒತ್ತಿದರೂ ತಾನಾಗಿ ಹೊತ್ತಿಕೊಳ್ಳದೆ ಪೆಟ್ರೋಲ್ ಎಷ್ಟು ತಾಳುತ್ತದೆ? ಅದನ್ನು ಹೇಳುವ ಅಂಕಿಗೆ 'ಆಕ್ಟೇನ್' ಎಂದು ಹೆಸರು. ಆಕ್ಟೇನ್ ಅಂದರೆ ಪೆಟ್ರೋಲಿನ ತಾಳ್ಮೆ. 91ಕ್ಕಿಂತ 95ಕ್ಕೆ ತಾಳ್ಮೆ ಹೆಚ್ಚು. 95ಕ್ಕಿಂತ 100ಕ್ಕೆ ಇನ್ನೂ ಹೆಚ್ಚು.

ತಾಳ್ಮೆ ಬೇರೆ, ತಾಕತ್ತು ಬೇರೆ. ಇದೇ ಮುಖ್ಯ ಮಾತು. 91 ಆಗಲಿ, 95 ಆಗಲಿ, ಒಂದು ಲೀಟರ್ ಪೆಟ್ರೋಲ್ ಉರಿದಾಗ ಬರುವ ಶಾಖ ಹೆಚ್ಚು ಕಡಿಮೆ ಒಂದೇ.

ಕೆಲವು ಇಂಜಿನ್ನುಗಳು ಬಹಳ ಬಲವಾಗಿ ಒತ್ತುತ್ತವೆ. ಅವಕ್ಕೆ ಹೆಚ್ಚು ಆಕ್ಟೇನ್ ಬೇಕೇ ಬೇಕು. ಕಡಿಮೆ ಹಾಕಿದರೆ ಅವು ಟಕ್ ಟಕ್ ಅನ್ನುತ್ತವೆ, ಇಲ್ಲವೆ ಎಳೆತ ಕಡಿಮೆಯಾಗುತ್ತದೆ. ನಮ್ಮ ದೇಶದಲ್ಲಿ 2020ರಲ್ಲಿ 100 ಆಕ್ಟೇನ್ ಪೆಟ್ರೋಲ್ ಕೂಡ ಪಂಪಿಗೆ ಬಂತು. ಅದು ಭಾರಿ ಬೆಲೆಯ ಕಾರು, ಬೈಕುಗಳಿಗೆ. 91 ಸಾಕು ಎನ್ನುವ ಸಣ್ಣ ಕಾರಿಗೆ 100 ಹಾಕಿದರೆ ಹೆಚ್ಚಿನ ಲಾಭ ಇಲ್ಲ. ಸೇರು ಹಿಡಿಯುವ ಚೀಲಕ್ಕೆ ಎರಡು ಸೇರು ಜೋಳ ಸುರಿದಂತೆ.

ಹೆಚ್ಚು ಬೆಲೆಯ ಪೆಟ್ರೋಲಿನಲ್ಲಿ ಇಂಜಿನ್ ಸ್ವಚ್ಛ ಇಡುವ ಔಷಧಿಯನ್ನೂ ಬೆರೆಸಿರುತ್ತಾರೆ. ಅದು ಕೆಟ್ಟದ್ದಲ್ಲ. ಆದರೆ ಕೆಟ್ಟ ಗಾಡಿಯನ್ನು ಅದು ರಿಪೇರಿ ಮಾಡುವುದಿಲ್ಲ.

ಮೊದಲು ಸೀಸ, ಈಗ ಎಥೆನಾಲ್

ಹಿಂದೆ ಆಕ್ಟೇನ್ ಏರಿಸಲು ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಸೀಸ ವಿಷ. ಅದು ಹೊಗೆಯಲ್ಲಿ ಬಂದು ಮಕ್ಕಳ ಮೈ ಸೇರಿ ಬುದ್ಧಿ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ನಮ್ಮ ದೇಶದಲ್ಲಿ 2000ನೇ ಇಸವಿ ಫೆಬ್ರವರಿಯಿಂದ ಸೀಸದ ಪೆಟ್ರೋಲ್ ನಿಂತಿತು. ಕೊನೆಗೆ ಆಫ್ರಿಕಾದ ಅಲ್ಜೀರಿಯಾ ದೇಶವೂ 2021ರಲ್ಲಿ ನಿಲ್ಲಿಸಿತು. ಅಲ್ಲಿಗೆ ಜಗತ್ತಿನ ಎಲ್ಲ ಕಡೆ ಕಾರುಗಳಿಗೆ ಸೀಸದ ಪೆಟ್ರೋಲ್ ಹಾಕುವುದು ಮುಗಿಯಿತು.

ಈಗ ಪೆಟ್ರೋಲಿಗೆ ಎಥೆನಾಲ್ ಬೆರೆಸುತ್ತಾರೆ. ಕಬ್ಬು, ಗೋವಿನಜೋಳ, ಅಕ್ಕಿಯಿಂದ ಎಥೆನಾಲ್ ಮಾಡುತ್ತಾರೆ. ನೂರು ಪಾಲಿನಲ್ಲಿ 20 ಪಾಲು ಎಥೆನಾಲ್ ಇದ್ದರೆ ಅದಕ್ಕೆ 'ಇ 20' ಎಂದು ಹೆಸರು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇದರ ಮಾರಾಟಕ್ಕೆ ಚಾಲನೆ ಕೊಟ್ಟರು. 2025ರ ಹೊತ್ತಿಗೆ ದೇಶದ ತುಂಬ ಹಬ್ಬಿತು. ಸಾದಾ ಪೆಟ್ರೋಲಿನ ಆಕ್ಟೇನ್ ಮೊದಲು 91 ಇತ್ತು. ಇ 20 ಪೆಟ್ರೋಲಿನ ಆಕ್ಟೇನ್ 95 ಎಂದು ಸರಕಾರ ಹೇಳಿದೆ.

ಎಥೆನಾಲಿಗೆ ತಾಳ್ಮೆ ಬಹಳ. ಆದರೆ ಒಂದು ಲೀಟರ್ ಎಥೆನಾಲಿನ ಶಾಖ ಪೆಟ್ರೋಲಿಗಿಂತ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆ. ತಾಳ್ಮೆ ಬೇರೆ, ತಾಕತ್ತು ಬೇರೆ ಎನ್ನುವುದಕ್ಕೆ ಇದೇ ಸಾಕ್ಷಿ. ಇದರಿಂದ ಮೈಲೇಜ್ ಸ್ವಲ್ಪ ಇಳಿಯಬಹುದು. ಹಳೆಯ ಗಾಡಿ ಇದ್ದರೆ ಪೆಟ್ರೋಲಿನ ರಬ್ಬರ್ ಪೈಪು, ವಾಷರ್‌ಗಳನ್ನು ಆಗಾಗ ಮಿಸ್ತ್ರಿಗೆ ತೋರಿಸಿರಿ.

ಕಾಕಿ ಓದಿದ ಅಂಕಿ

ಮರುದಿನ ಕಾಕಿ ಗಾಡಿಯ ಜೊತೆ ಬಂದಿದ್ದ ಪುಸ್ತಕ ತಂದರು. ಅದು ಇಂಗ್ಲಿಷಿನಲ್ಲಿತ್ತು. ಆದರೆ ಅಂಕಿ ಓದಲು ಕಾಕಿಗೆ ಬರುತ್ತದೆ. ಪೆಟ್ರೋಲ್ ಪಂಪಿನ ಚಿತ್ರ ಇರುವ ಪುಟ ಹುಡುಕಿದೆವು. ಕಾಕಿ ಬೆರಳು ಇಟ್ಟು ಓದಿದರು: "ಒಂಬತ್ತು, ಒಂದು. ತೊಂಬತ್ತೊಂದು!"

"ನೋಡ್ರಿ ಕಾಕಿ, ನಿಮ್ಮ ಗಾಡಿ ಕೇಳೋದು 91. ಸಾದಾ ಪೆಟ್ರೋಲೇ ಸಾಕು."

"ಹಂಗಾದ್ರ ಟಕ್ ಟಕ್ ಯಾಕ ಅಂತದ?"

ಅದು ಸರಿಯಾದ ಪ್ರಶ್ನೆ. ಮಗ ಗಾಡಿಯನ್ನು ಕಲಬುರಗಿಯಲ್ಲಿ ಮಿಸ್ತ್ರಿಗೆ ತೋರಿಸಿದ. ರೇಡಿಯೇಟರಿನಲ್ಲಿ ನೀರು ಕಡಿಮೆ ಇತ್ತು. ಇಂಜಿನ್ ಅತಿಯಾಗಿ ಕಾಯುತ್ತಿತ್ತು. ಒಳಗೆ ಮಸಿಯೂ ಕಟ್ಟಿತ್ತು. ಪೈಪು ಬದಲಾಯಿಸಿ, ಮಸಿ ತೆಗೆದ ಮೇಲೆ ಸದ್ದು ನಿಂತಿತು. ರೋಗ ಒಂದು, ಔಷಧಿ ಇನ್ನೊಂದು ಆಗಿತ್ತು. ಈಗ ಸಾದಾ ಪೆಟ್ರೋಲಿನಲ್ಲೇ ಗಾಡಿ ಏರು ಹತ್ತುತ್ತದೆ. ಮುಂದಿನ ತಿಂಗಳು ಕಾಕಿ ಕಂತು ಕಟ್ಟಿ, ಪಾಸ್‌ಬುಕ್ಕಿನಲ್ಲಿ ತಾವೇ ಓದಿ ನೋಡಿದರು.

ಪಂಪಿನಲ್ಲಿ ನಮ್ಮ ಹಕ್ಕು

ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದರೆ ಆಕ್ಟೇನ್ ಇಳಿಯುತ್ತದೆ. ಆಗಲೂ ಗಾಡಿ ಟಕ್ ಟಕ್ ಅನ್ನುತ್ತದೆ. ಅನುಮಾನ ಬಂದರೆ ಪಂಪಿನಲ್ಲಿ ಫಿಲ್ಟರ್ ಕಾಗದ ಕೇಳಿರಿ. ಅದನ್ನು ಕೊಡಬೇಕು. ಕಾಗದದ ಮೇಲೆ ಒಂದು ಹನಿ ಪೆಟ್ರೋಲ್ ಹಾಕಿರಿ. ಸುಮಾರು ಎರಡು ನಿಮಿಷದಲ್ಲಿ ಕಲೆ ಇಲ್ಲದೆ ಆರಿದರೆ ಸರಿ. ಎಣ್ಣೆಯ ಕಲೆ ಉಳಿದರೆ ಅನುಮಾನ ಪಡಬೇಕು. ಅಳತೆಯ ಅನುಮಾನ ಬಂದರೆ 5 ಲೀಟರಿನ ಮುದ್ರೆಯ ಅಳತೆ ಪಾತ್ರೆಯಲ್ಲಿ ಹಾಕಿ ತೋರಿಸಲು ಹೇಳಿರಿ. ಅಂಜಬೇಡಿರಿ. ಇದು ಜಗಳ ಅಲ್ಲ, ಹಕ್ಕು.

ನೆನಪಿಡಿರಿ

1. ಗಾಡಿಯ ಪುಸ್ತಕ ಅಥವಾ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಬದಿ ನೋಡಿರಿ. ಅಲ್ಲಿ ಬರೆದ ಆಕ್ಟೇನ್ ಅಂಕಿಗಿಂತ ಕಡಿಮೆ ಹಾಕಬೇಡಿರಿ.
2. ಅದಕ್ಕಿಂತ ಹೆಚ್ಚಿನದಕ್ಕೆ ಸುಮ್ಮನೆ ರೊಕ್ಕ ಕೊಡಬೇಡಿರಿ.
3. ಸರಿಯಾದ ಪೆಟ್ರೋಲ್ ಹಾಕಿದರೂ ಸದ್ದು ಬಂದರೆ ಮಿಸ್ತ್ರಿಗೆ ತೋರಿಸಿರಿ.
4. ಗಾಡಿ ಬಿಸಿ ಇದ್ದಾಗ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿರಿ. ಕುದಿಯುವ ನೀರು ಮೈಮೇಲೆ ಚಿಮ್ಮುತ್ತದೆ.
5. ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಬಾರದು. ತಪ್ಪಿ ಹಾಕಿದರೆ ಗಾಡಿ ಚಾಲೂ ಮಾಡದೆ ಮಿಸ್ತ್ರಿಯನ್ನು ಕರೆಯಿರಿ.

ಕೂಡಿ ಮಾತಾಡಿರಿ, ಬರೆಯಿರಿ

1. ಆಕ್ಟೇನ್ ಅಂದರೆ ಏನು?
2. ಕಾಕಿಯ ಗಾಡಿ ಟಕ್ ಟಕ್ ಎನ್ನಲು ಕಾರಣ ಏನು?
3. ಲೀಟರಿಗೆ 6 ರೂಪಾಯಿ ಹೆಚ್ಚು. ದಿನಕ್ಕೆ 4 ಲೀಟರ್ ಬೇಕು. 25 ದಿನಕ್ಕೆ ಎಷ್ಟು ರೂಪಾಯಿ ಹೆಚ್ಚು ಆಗುತ್ತದೆ?
4. ನಿಮ್ಮ ಮನೆಯಲ್ಲಿ, ಇಲ್ಲವೆ ನೆರೆಮನೆಯಲ್ಲಿ ಗಾಡಿ ಇದೆಯೇ? ಅದರ ಪುಸ್ತಕದಲ್ಲಿ ಯಾವ ಅಂಕಿ ಇದೆ? ನೋಡಿ ಬಂದು ಹಲಗೆಯ ಮೇಲೆ ಬರೆಯಿರಿ.