ಮನೆಯ ವೈ-ಫೈ ಸಂಪರ್ಕದಲ್ಲಿ ಐ.ಪಿ. ವಿಳಾಸಗಳ ಕೊರತೆ: ಕಾರಣಗಳು ಮತ್ತು ಪರಿಹಾರ ಕ್ರಮಗಳು

ಸೇವಾ ಸಿಂಧು ಮುಂತಾದ ಜಾಲತಾಣಗಳ ಮೂಲಕ ಮನೆಯಿಂದಲೇ ಅರ್ಜಿ ಸಲ್ಲಿಸುವ ನಾಗರಿಕರಿಗೆ ಕೆಲವೊಮ್ಮೆ ವೈ-ಫೈ ಚಿಹ್ನೆ ಕಾಣಿಸಿದರೂ ಯಾವ ಪುಟವೂ ತೆರೆಯದಿರುವ ತೊಂದರೆ ಉಂಟಾಗುತ್ತದೆ. ಮನೆಯ ರೂಟರ್‌ನಲ್ಲಿ ಹಂಚಲು ಐ.ಪಿ. ವಿಳಾಸಗಳು ಉಳಿಯದಿರುವುದು ಇದಕ್ಕೆ ಒಂದು ಕಾರಣವಾಗಿರುತ್ತದೆ. ಅರ್ಜಿಯ ಕೊನೆಯ ದಿನಾಂಕದಂದು ಇಂತಹ ತೊಂದರೆ ಉಂಟಾದಲ್ಲಿ ಅರ್ಜಿದಾರರು ಸೌಲಭ್ಯದಿಂದ ವಂಚಿತರಾಗುವ ಸಂಭವವಿರುವುದರಿಂದ, ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ವಿಳಾಸ ಹಂಚಿಕೆಯ ವಿಧಾನ

ಮನೆಯ ಪ್ರತಿಯೊಂದು ಮೊಬೈಲ್, ಗಣಕಯಂತ್ರ, ಟಿ.ವಿ. ಹಾಗೂ ಮುದ್ರಣ ಯಂತ್ರಕ್ಕೆ ರೂಟರ್ ಒಂದೊಂದು ಐ.ಪಿ. ವಿಳಾಸವನ್ನು ನೀಡುತ್ತದೆ. ಈ ವ್ಯವಸ್ಥೆಗೆ ಡಿ.ಎಚ್.ಸಿ.ಪಿ. ಎಂದು ಹೆಸರು. ವಿಳಾಸವನ್ನು ಶಾಶ್ವತವಾಗಿ ನೀಡದೆ, ನಿಗದಿತ ಅವಧಿಗೆ ಗುತ್ತಿಗೆಯಂತೆ ನೀಡಲಾಗುತ್ತದೆ. ಸಾಧನವು ಮನೆಯಿಂದ ಹೊರಗೆ ಹೋದರೂ ಸಾಮಾನ್ಯವಾಗಿ ಈ ಅವಧಿ ಮುಗಿಯುವವರೆಗೆ ಅದರ ವಿಳಾಸವು ಬೇರೆಯವರಿಗೆ ದೊರೆಯುವುದಿಲ್ಲ.

ಉದಾಹರಣೆಗೆ, ರೂಟರ್‌ನಲ್ಲಿ 192.168.1.100 ರಿಂದ 192.168.1.149 ರವರೆಗೆ 50 ವಿಳಾಸಗಳಿದ್ದು, ಗುತ್ತಿಗೆ ಅವಧಿಯು 7 ದಿನಗಳೆಂದು ಭಾವಿಸಬಹುದು. ಮನೆಯವರ 8 ಸಾಧನಗಳ ಜೊತೆಗೆ ಗೃಹಪ್ರವೇಶಕ್ಕೆ ಬಂದ ನೆಂಟರ 42 ಮೊಬೈಲ್‌ಗಳು ವೈ-ಫೈಗೆ ಸೇರಿದಲ್ಲಿ ಎಲ್ಲಾ ವಿಳಾಸಗಳೂ ಮುಗಿಯುತ್ತವೆ. ನೆಂಟರು ಮರುದಿನವೇ ಹಿಂತಿರುಗಿದರೂ ಆ ವಿಳಾಸಗಳು ಒಂದು ವಾರದವರೆಗೆ ಬಿಡುಗಡೆಯಾಗದಿರಬಹುದು.

2. ತೊಂದರೆಯನ್ನು ಗುರುತಿಸುವ ಬಗೆ

ಅ) ಇತರೆ ಜಾಲತಾಣಗಳು ತೆರೆಯುತ್ತಿದ್ದು, ಅರ್ಜಿಯ ಜಾಲತಾಣ ಮಾತ್ರ ತೆರೆಯದಿದ್ದಲ್ಲಿ ಅದು ವಿಳಾಸದ ಕೊರತೆಯಲ್ಲ.
ಆ) ಈಗಾಗಲೇ ಸಂಪರ್ಕದಲ್ಲಿರುವ ಸಾಧನಗಳು ಕಾರ್ಯ ನಿರ್ವಹಿಸುತ್ತಿದ್ದು, ಹೊಸದಾಗಿ ಸೇರುವ ಸಾಧನಕ್ಕೆ ಮಾತ್ರ ಸಂಪರ್ಕ ದೊರೆಯದಿದ್ದಲ್ಲಿ ವಿಳಾಸದ ಕೊರತೆಯನ್ನು ಶಂಕಿಸಬಹುದು.
ಇ) ಗಣಕಯಂತ್ರದಲ್ಲಿ 169.254 ರಿಂದ ಆರಂಭವಾಗುವ ವಿಳಾಸ ಕಂಡುಬಂದಲ್ಲಿ, ಅದಕ್ಕೆ ರೂಟರ್‌ನಿಂದ ವಿಳಾಸ ದೊರೆತಿಲ್ಲವೆಂದು ತಿಳಿಯತಕ್ಕದ್ದು.

3. ಒಂದೇ ಸಾಧನವು ಹಲವು ವಿಳಾಸ ಪಡೆಯಲು ಕಾರಣ

ರೂಟರ್ ಪ್ರತಿ ಸಾಧನವನ್ನು ಅದರ ಮ್ಯಾಕ್ ವಿಳಾಸದಿಂದ ಗುರುತಿಸುತ್ತದೆ. ಬಳಕೆದಾರರ ಗೋಪ್ಯತೆಯ ದೃಷ್ಟಿಯಿಂದ, 2019ರ ಆಂಡ್ರಾಯ್ಡ್ 10 ಹಾಗೂ 2020ರ ಐ.ಓ.ಎಸ್. 14 ಆವೃತ್ತಿಗಳಿಂದೀಚೆಗೆ ಮೊಬೈಲ್‌ಗಳು ನೈಜ ಮ್ಯಾಕ್ ವಿಳಾಸದ ಬದಲು ಕಲ್ಪಿತ ವಿಳಾಸವನ್ನು ತೋರಿಸುತ್ತವೆ. ಇದು ಸಾಮಾನ್ಯವಾಗಿ ಒಂದು ವೈ-ಫೈಗೆ ಒಂದೇ ಆಗಿರುತ್ತದೆ. ಆದರೆ ಕೆಲವು ಆಯ್ಕೆಗಳಲ್ಲಿ ಇದು ಆಗಾಗ್ಗೆ ಬದಲಾಗುವುದರಿಂದ, ರೂಟರ್ ಅದೇ ಮೊಬೈಲನ್ನು ಹೊಸ ಸಾಧನವೆಂದು ಎಣಿಸಿ ಮತ್ತೊಂದು ಐ.ಪಿ. ವಿಳಾಸ ನೀಡುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಅಪರಿಚಿತ ಸಾಧನಗಳು ಕಂಡ ಮಾತ್ರಕ್ಕೆ ನೆರೆಹೊರೆಯವರು ಸಂಪರ್ಕವನ್ನು ಬಳಸುತ್ತಿದ್ದಾರೆಂದು ತೀರ್ಮಾನಿಸುವುದು ಸರಿಯಲ್ಲ. ಮ್ಯಾಕ್ ವಿಳಾಸದ ಎರಡನೆಯ ಅಕ್ಷರವು 2, 6, ಎ ಅಥವಾ ಇ ಆಗಿದ್ದಲ್ಲಿ ಅದು ಬಹುತೇಕ ಇಂತಹ ಕಲ್ಪಿತ ವಿಳಾಸವಾಗಿರುತ್ತದೆ.

ಐ.ಪಿ. ಆವೃತ್ತಿ 6ರಲ್ಲಿ ಒಂದು ಸಾಧನಕ್ಕೆ ಹಲವು ವಿಳಾಸಗಳಿರುವುದು ಸಹಜವಾಗಿದ್ದು, ಅದರಿಂದ ಮೇಲ್ಕಂಡ ಕೊರತೆ ಉಂಟಾಗುವುದಿಲ್ಲ.

4. ಅನುಸರಿಸಬೇಕಾದ ಕ್ರಮಗಳು

1) ರೂಟರ್‌ನ ಕೆಳಭಾಗದ ಚೀಟಿಯಲ್ಲಿ ನಮೂದಿಸಿರುವ ವಿಳಾಸದ ಮೂಲಕ ಅದರ ಪುಟವನ್ನು ತೆರೆದು, ಡಿ.ಎಚ್.ಸಿ.ಪಿ. ಪಟ್ಟಿಯನ್ನು ಮನೆಯ ಸಾಧನಗಳೊಂದಿಗೆ ತಾಳೆ ನೋಡುವುದು.
2) ಗುತ್ತಿಗೆ ಅವಧಿಯು ಹಲವು ದಿನಗಳಿದ್ದಲ್ಲಿ 24 ಗಂಟೆ ಅಥವಾ ಅದಕ್ಕಿಂತ ಕಡಿಮೆಗೆ ಇಳಿಸುವುದು.
3) ವಿಳಾಸಗಳ ವ್ಯಾಪ್ತಿಯನ್ನು ಹೆಚ್ಚಿಸುವುದು. ರೂಟರ್‌ನ ವಿಳಾಸ 192.168.1.1 ಆಗಿದ್ದಲ್ಲಿ 2 ರಿಂದ 254 ರವರೆಗೆ ಒಟ್ಟು 253 ವಿಳಾಸಗಳನ್ನು ಹಂಚಬಹುದು. ಯಾವುದೇ ಸಾಧನಕ್ಕೆ ಕೈಯಾರೆ ವಿಳಾಸ ನಮೂದಿಸಿದ್ದಲ್ಲಿ ಅದನ್ನು ಈ ವ್ಯಾಪ್ತಿಯಿಂದ ಹೊರಗಿಡುವುದು.
4) ಮೊಬೈಲ್‌ನಲ್ಲಿ ಮನೆಯ ವೈ-ಫೈಗೆ ಮಾತ್ರ ಮ್ಯಾಕ್ ವಿಳಾಸ ಬದಲಾಗದಂತೆ ಆಯ್ಕೆ ಮಾಡುವುದು. ಸಾರ್ವಜನಿಕ ಸ್ಥಳಗಳಲ್ಲಿ ಗೋಪ್ಯತೆಯ ಆಯ್ಕೆಯನ್ನು ಹಾಗೆಯೇ ಉಳಿಸಿಕೊಳ್ಳುವುದು.
5) ನಿಜವಾಗಿಯೂ ಅಪರಿಚಿತರ ಸಾಧನಗಳಿದ್ದಲ್ಲಿ ವೈ-ಫೈ ಗುಪ್ತಪದವನ್ನು ಬದಲಾಯಿಸುವುದು.
6) ಬದಲಾವಣೆಗಳ ನಂತರ ರೂಟರ್ ಅನ್ನು ಆರಿಸಿ ಪುನಃ ಚಾಲನೆಗೊಳಿಸಿ, ಎಲ್ಲಾ ಸಾಧನಗಳನ್ನು ಮರುಸಂಪರ್ಕಿಸುವುದು.

ಎಚ್ಚರಿಕೆ: ರೂಟರ್‌ನ ಹಿಂಬದಿಯ ರೀಸೆಟ್ ಗುಂಡಿಯನ್ನು ಒತ್ತಬಾರದು. ಇದರಿಂದ ಸೇವಾದಾರರು ಅಳವಡಿಸಿರುವ ವಿವರಗಳು ಅಳಿಸಿಹೋಗಿ, ಸಂಪರ್ಕವೇ ಕಡಿತಗೊಳ್ಳಬಹುದು.

5. ಕೊನೆಯ ದಿನಾಂಕ ಸಮೀಪಿಸಿದ್ದಲ್ಲಿ

ದುರಸ್ತಿಗಾಗಿ ಕಾಯದೆ ಮೊಬೈಲ್ ಡೇಟಾ ಬಳಸಿ ಅಥವಾ ಹತ್ತಿರದ ಗ್ರಾಮ ಒನ್, ಕರ್ನಾಟಕ ಒನ್ ಇಲ್ಲವೇ ಬೆಂಗಳೂರು ಒನ್ ಕೇಂದ್ರದಲ್ಲಿ ಲಭ್ಯವಿರುವ ಸೇವೆಗಳಿಗೆ ಅರ್ಜಿ ಸಲ್ಲಿಸಬಹುದು. ಶುಲ್ಕ ಪಾವತಿಯ ಹಂತದಲ್ಲಿ ಸಂಪರ್ಕ ಕಡಿತಗೊಂಡಲ್ಲಿ, ಮತ್ತೊಮ್ಮೆ ಪಾವತಿಸುವ ಮುನ್ನ ಬ್ಯಾಂಕ್ ಖಾತೆಯನ್ನೂ ಅರ್ಜಿಯ ಸ್ಥಿತಿಯನ್ನೂ ಪರಿಶೀಲಿಸತಕ್ಕದ್ದು. ಸ್ವೀಕೃತಿ ಸಂಖ್ಯೆ ದೊರೆತ ನಂತರವೇ ಅರ್ಜಿ ಸಲ್ಲಿಕೆಯಾಗಿದೆಯೆಂದು ಭಾವಿಸತಕ್ಕದ್ದು.