ಸರ್ಪಗಂಧದಿಂದ ಅಡಿಕೆಯವರೆಗೆ

ಸರ್ಪಗಂಧ ಒಂದು ಪುಟ್ಟ ಗಿಡ. ಅದರ ಬೇರು ಬಲು ಕಹಿ. ಹಾವು ಕಚ್ಚಿದವರಿಗೆ, ನಿದ್ದೆ ಬಾರದವರಿಗೆ, ಬುದ್ಧಿ ಕೆಟ್ಟು ಕೂಗಾಡುವವರಿಗೆ ಈ ಬೇರನ್ನು ಕೊಡುವುದು ನಮ್ಮ ದೇಶದಲ್ಲಿ ಹಿಂದಿನಿಂದ ಬಂದ ರೂಢಿ. ಬಿಹಾರದಲ್ಲಂತೂ ಅದರ ಹೆಸರೇ ‘ಪಾಗಲ್ ಕೀ ದವಾ’, ಅಂದರೆ ಹುಚ್ಚಿನ ಮದ್ದು. ಆದರೆ ರೂಢಿಯ ಮದ್ದು ಆಸ್ಪತ್ರೆಯ ಔಷಧಿಯಾಗಬೇಕಾದರೆ ಒಂದು ಪ್ರಶ್ನೆಗೆ ಉತ್ತರ ಸಿಗಬೇಕು. ರೋಗಿ ಶಾಂತನಾದದ್ದು ಬೇರಿನಿಂದಲೋ, ಕಾಲ ಕಳೆದದ್ದರಿಂದಲೋ?

ಉತ್ತರ ಹುಡುಕಲು ಹೊರಟವರಲ್ಲಿ ಮೊದಲಿಗರು ಭಾರತೀಯರೇ. ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಈ ಬೇರಿನ ಪುಡಿ ಉನ್ಮಾದವನ್ನೂ ರಕ್ತದೊತ್ತಡವನ್ನೂ ತಗ್ಗಿಸುತ್ತದೆ ಎಂದು 1931ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ಅದೇ ವರ್ಷ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ಅವರ ಸಹೋದ್ಯೋಗಿ ಬೇರಿನಿಂದ ಹಲವು ರಾಸಾಯನಿಕಗಳನ್ನು ಬೇರ್ಪಡಿಸಿದರು. ಹಕೀಂ ಅಜ್ಮಲ್ ಖಾನರ ನೆನಪಿಗೆ ಒಂದಕ್ಕೆ ‘ಅಜ್ಮಲೀನ್’ ಎಂದು ಹೆಸರಿಟ್ಟರು.

ಬೇರಿನಿಂದ ಮಾತ್ರೆಗೆ

ಬೇರಿನ ಮುಖ್ಯ ಸಾರವಾದ ರೆಸರ್ಪಿನ್ ಕೈಗೆ ಸಿಕ್ಕಿದ್ದು 1952ರಲ್ಲಿ, ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಪ್ರಯೋಗಾಲಯದಲ್ಲಿ. ಎರಡು ವರ್ಷಗಳ ನಂತರ ನ್ಯೂಯಾರ್ಕ್ ರಾಜ್ಯದ ರಾಕ್ಲೆಂಡ್ ಆಸ್ಪತ್ರೆಯ ನೇಥನ್ ಕ್ಲೈನ್, ನೂರಾರು ಮನೋರೋಗಿಗಳಿಗೆ ಇದನ್ನು ಕೊಟ್ಟು ನೋಡಿದ ಫಲಿತಾಂಶ ಪ್ರಕಟಿಸಿದರು. ವಾರ್ಡುಗಳ ಗದ್ದಲ ಇಳಿಯಿತು. ಔಷಧಿ ಶುರುವಾದ ಮೇಲೆ ಒಡೆಯುವ ಕಿಟಕಿ ಗಾಜುಗಳು ಕಡಿಮೆಯಾದವೆಂದು ಗಾಜು ಕೂಡಿಸುವವನೇ ಹೇಳಿದನೆಂಬ ಕಥೆ ಇಂದಿಗೂ ಪ್ರಚಲಿತ. 1957ರಲ್ಲಿ ಕ್ಲೈನ್ ಅವರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂತು. ರಕ್ತದೊತ್ತಡಕ್ಕೆ ಈ ಬೇರಿನ ಉಪಯೋಗವನ್ನು ತೋರಿಸಿಕೊಟ್ಟಿದ್ದ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಅವರಿಗೂ ಅದೇ ವರ್ಷ ಆ ಗೌರವ ಸಂದಿತು.

ಗುಣದ ಜೊತೆಗೆ ದೋಷ

ಪರೀಕ್ಷೆ ಗುಣವನ್ನಷ್ಟೇ ತೋರಿಸಲಿಲ್ಲ. ಕೆಲವರಿಗೆ ರಕ್ತದೊತ್ತಡ ತೀರಾ ಇಳಿಯಿತು, ಕೆಲವರಿಗೆ ಕೈಕಾಲು ಬಿಗಿದು ನಡುಕ ಬಂತು. ಕೆಲವರು ಖಿನ್ನತೆಗೆ ಜಾರಿದ ವರದಿಗಳೂ ಬಂದವು. ಅದೇ ಕಾಲಕ್ಕೆ ಬಂದ ಕ್ಲೋರ್‌ಪ್ರೊಮಜೀನ್ ಮೇಲುಗೈ ಪಡೆದು, ರೆಸರ್ಪಿನ್ ಮನೋರೋಗ ಚಿಕಿತ್ಸೆಯಿಂದ ಹಿಂದೆ ಸರಿಯಿತು.

ಆದರೂ ಅದರ ದೋಷವೇ ಹೊಸ ಅರಿವಿಗೆ ದಾರಿಯಾಯಿತು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ರೆಸರ್ಪಿನ್ ಕೊಟ್ಟು ಅಲುಗಾಡದಂತಾದ ಮೊಲಗಳಿಗೆ ಎಲ್-ಡೋಪಾ ಕೊಟ್ಟರು. ಮೊಲಗಳು ಮತ್ತೆ ಓಡಾಡತೊಡಗಿದವು. ಮಿದುಳಿನಲ್ಲಿ ಡೋಪಮೀನ್ ಎಂಬ ರಾಸಾಯನಿಕದ ಪಾತ್ರ ಹೀಗೆ ಬೆಳಕಿಗೆ ಬಂತು. ಈ ಕೆಲಸಕ್ಕೆ 2000ದಲ್ಲಿ ಅವರು ನೊಬೆಲ್ ಪ್ರಶಸ್ತಿಯ ಪಾಲುದಾರರಾದರು.

ಅಡಿಕೆಯ ಸರದಿ

ಮಲೆನಾಡು, ಕರಾವಳಿಯವರಿಗೆ ಚಿರಪರಿಚಿತವಾದ ಅಡಿಕೆಗೂ ಇಂಥದೇ ಒಂದು ಕಥೆಯಿದೆ. ಅದರಲ್ಲಿನ ಅರೆಕೋಲಿನ್ ಅನ್ನು 1950ರ ದಶಕದಲ್ಲಿ ಅಮೆರಿಕದ ಸಂಶೋಧಕರು ಸ್ಕಿಜೋಫ್ರೇನಿಯಾ ರೋಗಿಗಳಿಗೆ ಕೊಟ್ಟಾಗ ಸ್ವಲ್ಪ ಹೊತ್ತು ಅವರ ಬುದ್ಧಿ ತಿಳಿಯಾದುದನ್ನು ಕಂಡಿದ್ದರು. ಮುಂದೆ ಅರೆಕೋಲಿನ್ ರಚನೆಯನ್ನೇ ಮಾದರಿಯಾಗಿಟ್ಟುಕೊಂಡು ಜನೊಮೆಲಿನ್ ತಯಾರಾಯಿತು. ಮರೆವಿನ ಕಾಯಿಲೆಗೆಂದು ಪರೀಕ್ಷಿಸಿದಾಗ ರೋಗಿಗಳ ಭ್ರಮೆಗಳು ಕಡಿಮೆಯಾದವು, ಆದರೆ ವಾಂತಿ, ಬೆವರು ಕಾಡಿದವು. ಮಿದುಳಿನೊಳಗೆ ಅಷ್ಟಾಗಿ ಹೋಗದ ಟ್ರೋಸ್ಪಿಯಂ ಜೊತೆಗೂಡಿಸಿದ ಮೇಲೆ ತೊಂದರೆ ತಗ್ಗಿತು. 2024ರ ಸೆಪ್ಟೆಂಬರಿನಲ್ಲಿ ಅಮೆರಿಕ ಈ ಜೋಡಿ ಔಷಧಿಗೆ ಸ್ಕಿಜೋಫ್ರೇನಿಯಾ ಚಿಕಿತ್ಸೆಗಾಗಿ ಒಪ್ಪಿಗೆ ನೀಡಿತು. ಇದು ಹಳೆಯ ಮಾತ್ರೆಗಳಂತೆ ಡೋಪಮೀನಿನ ಗ್ರಾಹಕಗಳನ್ನು ತಡೆಯುವುದಿಲ್ಲ. ಬೇರೆಯೇ ಮಾರ್ಗದಿಂದ ಕೆಲಸ ಮಾಡುತ್ತದೆ.

ಹಾಗೆಂದು ಅಡಿಕೆ ಜಗಿದರೆ ಮನೋರೋಗ ವಾಸಿಯಾಗುತ್ತದೆ ಎಂದು ಯಾರೂ ತಿಳಿಯಬಾರದು. ಅಡಿಕೆ ಜಗಿಯುವುದು ಬಾಯಿ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಹೇಳಿದೆ. ಸರ್ಪಗಂಧದ ಪುಡಿಯೂ ಅಷ್ಟೇ. ಪ್ರತಿ ಬೇರಿನಲ್ಲೂ ಸಾರದ ಪ್ರಮಾಣ ಬೇರೆ. ಒಂದು ಚಿಟಿಕೆ ಒಬ್ಬರಿಗೆ ಸಾಲದು, ಇನ್ನೊಬ್ಬರಿಗೆ ಅಪಾಯ. ಹಸಿರು ಮದ್ದಿನಿಂದ ಕೆಡುಕಿಲ್ಲವೆಂದು ನಂಬಿ ಮಾತ್ರೆ ನಿಲ್ಲಿಸಿದರೆ ರೋಗ ಮರುಕಳಿಸುವುದುಂಟು. ಮನೆಯಲ್ಲಿ ಯಾವುದೇ ನಾಟಿ ಮದ್ದು ಕೊಡುತ್ತಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡದೆ ಹೇಳುವುದು ರೋಗಿಗೆ ಮಾಡುವ ದೊಡ್ಡ ಉಪಕಾರ.